ಬರೆಯುವವಳ ಕಿರೀಟ

ನಮ್ಮೂರಿನಲ್ಲಿ ಮದುವೆಯ ಹಿಂದಿನ ಸಂಜೆ ಮದುಮಗ ಕಾಣೆಯಾಗುತ್ತಾನೆ. ಇದಕ್ಕೆ ಯಾರೂ ಗಾಬರಿಯಾಗುವುದಿಲ್ಲ. ಮುಖ ತೊಳೆಯಲು ಹಿತ್ತಿಲಿಗೆ ಹೋದವನು ತಿರುಗಿ ಬರದಿದ್ದರೆ, ಇಲ್ಲವೇ ಚಹಾ ಕುಡಿಯುತ್ತ ಕೂತವನ ಜಾಗದಲ್ಲಿ ಕಪ್ಪು-ಬಸಿ ಮಾತ್ರ ಉಳಿದರೆ, ಮನೆಯವರು "ಹೋದ ನೋಡ್ರಿ" ಎಂದು ಒಂದು ನಿಟ್ಟುಸಿರು ಬಿಟ್ಟು ಚಪ್ಪರದ ಕೆಲಸ ಮುಂದುವರಿಸುತ್ತಾರೆ. ಬುದ್ಧಿವಂತ ತಾಯಂದಿರು ಆ ದಿನ ಬೆಳಿಗ್ಗೆಯಿಂದಲೇ ಮಗನ ಹೆಗಲಿಗೆ ಕಂಬಳಿ ಹೊದಿಸಿ, ಜೇಬಿನಲ್ಲಿ ಚಕ್ಕುಲಿ ತುಂಬಿ ಇಟ್ಟಿರುತ್ತಾರೆ. ಗುಡ್ಡದ ಮೇಲೆ ಚಳಿ ಹೆಚ್ಚು.

ಆ ಗುಡ್ಡದ ಮೇಲೆ ಒಂದು ಹಳೆಯ ಸುಣ್ಣದ ಭಟ್ಟಿ ಇದೆ. ಮದುಮಗನನ್ನು ಒಯ್ಯುವವರು ಇರುವುದು ಅಲ್ಲಿ. ಅವರ ಹೆಸರು ನಮಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಇರುವುದು ಒಬ್ಬರೇ ಆದರೂ ಬಹುವಚನ ಹಚ್ಚಿ ಗುಡ್ಡದವರು ಎನ್ನುತ್ತೇವೆ. ಮರುದಿನ ಮದುಮಗಳು ಗುಡ್ಡ ಹತ್ತಿ, ಬೇಸಿಗೆಯ ಹೂಗಳನ್ನು ಅವರಿಗೆ ತೋರಿಸಿ, ಗಂಡನಾಗುವವನನ್ನು ಬಿಡಿಸಿಕೊಂಡು ಬರಬೇಕು. ಆದರೆ ನಮ್ಮಲ್ಲಿ ಮದುವೆಗಳಾಗುವುದು ಮಾಗಿಯಲ್ಲಿ, ಒಂದು ಹುಲ್ಲಿನ ಹೂವೂ ಅರಳದ ಕಾಲದಲ್ಲಿ. ಬೇಸಿಗೆಯಲ್ಲೇ ಮಾಡಿಕೊಂಡರಾಯಿತಲ್ಲ ಎಂದು ಹಿಂದೆ ಕೆಲವು ಜಾಣರು ಮಾಡಿಕೊಂಡರು. ಅವರನ್ನು ಮುಂದಿನ ಮಾಗಿಯಲ್ಲಿ, ತೊಡೆಯ ಮೇಲೆ ಕೂಸು ಮಲಗಿದ್ದಾಗಲೇ ಒಯ್ದರು. ಕೂಸು ಚಾಪೆಯ ಮೇಲೆ ಉಳಿಯಿತು.

ಅದಕ್ಕೇ ನಮ್ಮಲ್ಲಿ ಪಾರ್ತಾ ಬೇಕೇ ಬೇಕು. ಪಾರ್ತಾ ಎಂದರೆ ಮದುಮಗಳ ಹಣೆಯ ಮೇಲೆ ಅರ್ಧಚಂದ್ರದಂತೆ ನಿಲ್ಲುವ ಕಿರೀಟ. ಒಳಗೆ ರಟ್ಟು, ಮೇಲೆ ಕಪ್ಪು ಮಕಮಲ್ಲು, ಅದರ ತುಂಬ ರೇಷ್ಮೆ ದಾರದ ಹೂವು. ಗುಲಾಬಿ, ಟುಲಿಪ್ಪು, ನವಿಲುಗಣ್ಣು, ನಡುನಡುವೆ ಕೆಂಪು ಮೆಣಸಿನಕಾಯಿ. ಅಂಚಿಗೆ ಮಣಿ, ಹಿಂದೆ ಸೊಂಟದವರೆಗೆ ಇಳಿಯುವ ರಿಬ್ಬನ್ನು. ಇದನ್ನು ಊರಿಗೆ ತಂದವಳು ಬಹಳ ಹಿಂದೆ ಹಂಗೇರಿ ಎಂಬ ದೇಶದಿಂದ ಬಂದು ಇಲ್ಲೇ ಉಳಿದ ಇಲೋನಾ ಎಂಬ ಹೆಣ್ಣುಮಗಳು. ನಮ್ಮವರ ಬಾಯಲ್ಲಿ ಅವಳು ಇಲೋಣವ್ವ ಆದಳು. ಅವಳ ದೇಶದಲ್ಲಿ ಸೈತಾನನೊಬ್ಬ ಒಂದು ಹುಡುಗಿಯ ಗಂಡನಾಗುವವನನ್ನು ಎತ್ತಿಕೊಂಡು ಹೋಗಿ, ಮಡಿಲ ತುಂಬ ಬೇಸಿಗೆಯ ಹೂ ತಂದರೆ ಬಿಡುತ್ತೇನೆ ಎಂದನಂತೆ. ಹೊರಗೆಲ್ಲ ಹಿಮ. ಹುಡುಗಿ ಸೊಂಟಕ್ಕೆ ಕಟ್ಟುವ ಬಟ್ಟೆಯ ಮೇಲೆ ಹೂಗಳನ್ನು ಹೊಲಿದುಕೊಂಡು ಹೋದಳಂತೆ. ಇಲೋಣವ್ವ ಈ ಕಥೆ ಹೇಳುತ್ತಲೇ ನಮ್ಮ ಹೆಣ್ಣುಮಕ್ಕಳಿಗೆ ಹೂವು ಕಲಿಸಿದಳು. ಹೂವಿನ ಜೊತೆ ಕಥೆ ಬಂತು, ಕಥೆಯ ಜೊತೆ ಗುಡ್ಡದವರೂ ಬಂದರು. ಟುಲಿಪ್ಪನ್ನು ನಮ್ಮೂರಿನಲ್ಲಿ ಇವತ್ತಿಗೂ ಯಾರೂ ಕಣ್ಣಾರೆ ಕಂಡಿಲ್ಲ, ಆದರೆ ಅದರ ಎಸಳು ಹೇಗಿರುತ್ತದೆ ಎಂದು ಯಾವ ಕೂಸನ್ನು ಕೇಳಿದರೂ ಹೇಳುತ್ತದೆ.

ಪಾರ್ತಾ ಹೊಲಿಯುವವಳು ಮದುಮಗಳು. ಆದರೆ ಹೊಲಿಯುವ ಮೊದಲು ಹೂವನ್ನು ಬಟ್ಟೆಯ ಮೇಲೆ ಬರೆಯಬೇಕಲ್ಲ, ಹಾಗೆ ಬರೆಯುವವಳು ಊರಿಗೆ ಒಬ್ಬಳೇ. ಆ ಒಬ್ಬಳು ನಾನು, ನೀಲಗಂಗವ್ವ. ತಿಳಿ ಸುಣ್ಣದಲ್ಲಿ ಬಾತಿನ ಗರಿ ಅದ್ದಿ, ಮಕಮಲ್ಲಿನ ಮೇಲೆ ಒಂದೇ ಉಸಿರಿನಲ್ಲಿ ಗೆರೆ ಎಳೆಯುತ್ತೇನೆ. ಅಳಿಸುವ ಮಾತೇ ಇಲ್ಲ. ನಾನು ಬರೆದ ಪಾರ್ತಾ ತೊಟ್ಟು ಗುಡ್ಡ ಹತ್ತಿದ ಹುಡುಗಿಯರೆಲ್ಲ ಗಂಡನ ಕೈ ಹಿಡಿದುಕೊಂಡೇ ಇಳಿದಿದ್ದಾರೆ, ಒಬ್ಬಳನ್ನು ಬಿಟ್ಟು. ಅದು ಅವಳ ಬಾಯಿಯ ತಪ್ಪು, ನನ್ನ ಗೆರೆಯದ್ದಲ್ಲ. ಗುಡ್ಡದವರು ಒಂದೊಂದು ಹೂವಿನ ಮೇಲೂ ಬೆರಳಿಟ್ಟು ಪ್ರಶ್ನೆ ಕೇಳುತ್ತಾರೆ. ನಿಜ ಹೇಳಬೇಕು. ಸುಳ್ಳು ಹೇಳಿದರೆ ಆ ಹೂವಿನ ಬಣ್ಣ ಹಾರಿಹೋಗುತ್ತದೆ, ಮದುಮಗ ಮುಂದಿನ ಮಾಗಿಯವರೆಗೆ ಅಲ್ಲೇ. ಆ ಹುಡುಗಿ ಅತ್ತಿಗೆ ಹೊಲಿದ ಗುಲಾಬಿಯನ್ನು ತಾನು ಹೊಲಿದದ್ದು ಎಂದಳು. ಅವಳ ಗಂಡ ಮರುವರ್ಷ ದಪ್ಪಗಾಗಿ ಇಳಿದು ಬಂದ.

ಬರೆಯುವವಳಿಗೆ ಇನ್ನೊಂದು ಕಟ್ಟಳೆ ಇದೆ. ತನ್ನ ಪಾರ್ತಾವನ್ನು ತಾನೇ ಬರೆದುಕೊಂಡರೆ ಆ ಹೂವು ಗುಡ್ಡದವರ ಕಣ್ಣಿಗೆ ಕಾಣುವುದಿಲ್ಲ. ಹಾಗಾಗಿ ಬರೆಯುವವರು ಯಾರೂ ಮದುವೆಯಾಗಿಲ್ಲ. ನನಗೆ ಕಲಿಸಿದ ಪಾರವ್ವನೂ ಆಗಲಿಲ್ಲ, ನಾನೂ ಆಗಲಿಲ್ಲ. ಅದರ ಬಗ್ಗೆ ನನಗೆ ಅಂಥ ದುಃಖವೇನೂ ಇರಲಿಲ್ಲ, ಈರಸಂಗಪ್ಪ ನನ್ನ ಕತ್ತರಿ ಕದಿಯಲು ಶುರು ಮಾಡುವವರೆಗೆ.

ಈರಸಂಗಪ್ಪ ಕತ್ತರಿ, ಕುಡಗೋಲುಗಳಿಗೆ ಸಾಣೆ ಹಿಡಿಯುವವನು. ಕಾಲಿನಿಂದ ತುಳಿಯುವ ಸಾಣೆಗಾಲಿ ಹೊತ್ತುಕೊಂಡು ಓಣಿ ಓಣಿ ತಿರುಗುತ್ತಾನೆ. ಹೆಂಡತಿ ತೀರಿಕೊಂಡು ಬಹಳ ವರ್ಷವಾಗಿತ್ತು. ಆ ಹೆಂಡತಿಯ ಪಾರ್ತಾ ಬರೆದವಳೂ ನಾನೇ, ಬರೆಯಲು ಕೂತ ಹೊಸತರಲ್ಲಿ. ನಾವಿಬ್ಬರೂ ಒಂದೇ ಓಣಿಯಲ್ಲಿ ಮಣ್ಣಾಡಿದವರು. ಈಗ ನಾನು ಅವನಿಗೆ ಬಹುವಚನ ಹಚ್ಚಿದರೆ, ಯಾರು ಬಂದರು ಎಂದು ಅವನೇ ಹಿಂದಿರುಗಿ ನೋಡುತ್ತಾನೆ. ನನ್ನ ಕತ್ತರಿ ಮೊಂಡಾಗುವ ಮೊದಲೇ ಕಟ್ಟೆಯ ಮೇಲಿಂದ ಮಾಯವಾಗುತ್ತಿತ್ತು, ಸಂಜೆಗೆ ಫಳಫಳ ಹೊಳೆಯುತ್ತ ಅಲ್ಲೇ ಬಂದು ಕೂತಿರುತ್ತಿತ್ತು. ಒಂದು ದಿನ ಹಿಡಿದೆ.

"ಮೊಂಡಾಗದ ಕತ್ತರೀನ ಎಷ್ಟು ಸಲ ಸಾಣಿ ಹಿಡೀತೀಯೋ? ಅಲಗು ಸವದು ಸೂಜಿ ಆಗೇತಿ ನೋಡು."

"ಹಂಗಾರ ಹೊಸಾದೊಂದು ತರೂಣು," ಎಂದ. "ಇಬ್ಬರಿಗೂ ಸೇರಿ ಒಂದ ಸಾಕು."

ಆ ವಯಸ್ಸಿನಲ್ಲಿ ಮುಖ ಕೆಂಪಾಗುತ್ತದೆ ಎಂದು ನನಗೆ ಗೊತ್ತಿರಲಿಲ್ಲ. ಊರಿಗೆಲ್ಲ ಹಾಲು ಕುಡಿದಷ್ಟು ಸಂತೋಷವಾಯಿತು. ಹೆಂಗಸರು ಬಂದು ಕೆನ್ನೆ ಹಿಂಡಿದರು. ಆಮೇಲೆ ಪಕ್ಕದ ಮನೆಯ ತುಂಗವ್ವ ಎಲ್ಲರ ಬಾಯಲ್ಲಿದ್ದ ಮಾತನ್ನು ಆಡಿಬಿಟ್ಟಳು. "ಅಲ್ಲವಾ ನೀಲವ್ವ, ನಿಂದು ಯಾರು ಬರೀಬೇಕು?"

ಯಾರೂ ಇರಲಿಲ್ಲ. ಕಲಿಯಲು ಬಂದವರನ್ನೆಲ್ಲ ನಾನು ಓಡಿಸಿದ್ದೆ. ನಿಜ ಹೇಳಬೇಕೆಂದರೆ ಕೈಚಳಕ ಇದ್ದವಳು ಸಾವಂತ್ರೆವ್ವ ಒಬ್ಬಳೇ. ಆದರೆ ಅವಳು ಎಡಚಿ. ಅವಳು ಬರೆದ ಎಲೆಗಳೆಲ್ಲ ಎಡಕ್ಕೆ ತಿರುಗುತ್ತಿದ್ದವು. ಪಾರವ್ವನ ಎಲೆ ಬಲಕ್ಕೆ, ನನ್ನ ಎಲೆ ಬಲಕ್ಕೆ, ಇಲೋಣವ್ವನ ಕಾಲದಿಂದಲೂ ಎಲೆ ಬಲಕ್ಕೆ. ಒಂದು ದಿನ ನಾಲ್ಕು ಜನರೆದುರು ಅವಳ ಬಟ್ಟೆ ಎತ್ತಿ ಹಿಡಿದು, ಇದು ಎಲೆಯೋ ಮುನಿಸಿಕೊಂಡ ಸೊಸೆಯೋ ಎಂದು ಕೇಳಿದೆ. ಸಾವಂತ್ರೆವ್ವ ಗರಿಯನ್ನು ಸುಣ್ಣದ ಬಟ್ಟಲಿಗೆ ಎಸೆದು, "ನಿಮ್ಮ ಎಲಿಗೆ ನೀವ ನೀರು ಹಾಕ್ಕೋರಿ" ಎಂದು ಎದ್ದುಹೋದಳು. ಈಗ ಬೇಕರಿ ಇಟ್ಟಿದ್ದಾಳೆ. ಅವಳ ಬ್ರೆಡ್ಡು ನಾನು ದಿನಾ ತರಿಸುತ್ತೇನೆ, ದಿನಾ ಕೊಂಕು ತೆಗೆಯುತ್ತೇನೆ. ಅವಳೂ ನನಗೆ ಎತ್ತಿಡುವುದು ಸೀದ ಬ್ರೆಡ್ಡನ್ನೇ.

ಆ ಕಟ್ಟಳೆಯನ್ನು ಪಾರವ್ವ ಹೇಳಿದ್ದು ನಿಜ, ಆದರೆ ಪರೀಕ್ಷೆ ಮಾಡಿ ನೋಡಿದವರು ಯಾರು? ಹೀಗೆ ನನ್ನನ್ನೇ ಕೇಳಿಕೊಂಡು, ಬಾಗಿಲು ಹಾಕಿಕೊಂಡು ನನ್ನ ಪಾರ್ತಾ ನಾನೇ ಬರೆದೆ. ಅಂಥದ್ದನ್ನು ನಾನು ಬೇರೆ ಯಾರಿಗೂ ಬರೆದಿರಲಿಲ್ಲ. ನಟ್ಟನಡುವೆ ದೊಡ್ಡ ಟುಲಿಪ್ಪು, ಅದರ ಎರಡೂ ಕಡೆ ಗುಲಾಬಿಯ ಬಳ್ಳಿ, ಬಳ್ಳಿಯ ತುಂಬ ಬಲಕ್ಕೆ ಬಾಗಿದ ಎಲೆಗಳು. ಹೊಲಿದು ಮುಗಿಸಿ ತೊಟ್ಟುಕೊಂಡು ಕನ್ನಡಿಯ ಮುಂದೆ ನಿಂತಾಗ, ಗುಡ್ಡದವರು ಎದ್ದು ನಿಂತು ಕೈಮುಗಿದಾರು ಎನ್ನಿಸಿತು.

ಮದುವೆಯ ಹಿಂದಿನ ಸಂಜೆ ಈರಸಂಗಪ್ಪ ಹೋದ. ಹಿಂದೊಮ್ಮೆ ಹೋಗಿ ಬಂದ ಅನುಭವವಿತ್ತಲ್ಲ, ಕೌದಿ, ಚಂಬು, ಕೆಮ್ಮಿನ ಕಷಾಯದ ಪುಡಿ ಎಲ್ಲ ಕಟ್ಟಿಕೊಂಡು, ಸಾಣೆಗಾಲಿಯನ್ನೂ ತಬ್ಬಿಕೊಂಡು ಕೂತೇ ಇದ್ದ. ಎರಡು ಸಲ ಹೋದವನು ಊರಿನಲ್ಲಿ ಅವನೊಬ್ಬನೇ.

ಬೆಳಿಗ್ಗೆ ಗುಡ್ಡ ಹತ್ತಿದೆ. ಗುಡ್ಡದವರು ಭಟ್ಟಿಯ ಬಾಗಿಲಲ್ಲೇ ಕೂತಿದ್ದರು. ತಲೆಯಿಂದ ಕಾಲಿನವರೆಗೆ ಸುಣ್ಣದ ಪುಡಿ, ಕುತ್ತಿಗೆಗೆ ಮಫ್ಲರು. ನೋಡಿದರೆ ಹೆದರಿಕೆ ಹುಟ್ಟುವ ಮುಖವೇನಲ್ಲ, ಬಹಳ ದಿನ ಒಬ್ಬರೇ ಊಟ ಮಾಡಿದವರ ಮುಖ. ನನ್ನ ಹಣೆಯನ್ನು ಆ ಕಡೆಯಿಂದ ನೋಡಿದರು, ಈ ಕಡೆಯಿಂದ ನೋಡಿದರು.

"ಅಮ್ಮಾ, ಬಟ್ಟೆ ಖಾಲಿ ಇದೆಯಲ್ಲ," ಎಂದರು. ಅವರ ಮಾತು ಪುಸ್ತಕದ ಮಾತಿನಂತೆ.

"ಸರಿಯಾಗಿ ನೋಡ್ರಿ."

"ನೋಡಿದೆ. ಒಳ್ಳೆಯ ಮಕಮಲ್ಲು. ಹೂವಿಲ್ಲ."

ಒಳಗೆ ಈರಸಂಗಪ್ಪ ಗುಡ್ಡದವರ ಕುಡಗೋಲಿಗೆ ಸಾಣೆ ಹಿಡಿಯುತ್ತ ಕೂತಿದ್ದವನು ತುಳಿಯುವುದನ್ನು ನಿಲ್ಲಿಸಿದ. ನನ್ನ ಮುಖ ನೋಡಿ ನಗಲು ಪ್ರಯತ್ನಿಸಿದ. "ಇರಲಿ ತಗೋ ನೀಲಾ. ಬರೂ ಮಾಗೀ ತನಕಾ ಇರ್ತೀನಿ. ಇಲ್ಲಿ ಎಲ್ಲಾ ಮೊಂಡಾಗಿ ಕುಂತೈತಿ, ಕೆಲಸಕ್ಕೇನ ಬರಾ ಇಲ್ಲ." ಇಷ್ಟು ಹೇಳಿ ಕೆಮ್ಮತೊಡಗಿದ. ಇಪ್ಪತ್ತರ ಹುಡುಗನಾದರೆ ಬರುವ ಮಾಗಿಗೆ ದಪ್ಪಗಾಗಿ ಇಳಿಯುತ್ತಾನೆ. ಅರವತ್ತು ದಾಟಿದ ನಮಗೆ ಬರುವ ಮಾಗಿ ಯಾರ ಕೈಯಲ್ಲಿದೆ? ಆ ಕೆಮ್ಮು ಕೇಳುತ್ತ ನಿಂತಾಗ, ನನಗೆ ಈ ಮನುಷ್ಯ ಬೇಕು, ಇವತ್ತೇ ಬೇಕು ಎಂದು ಮೊದಲ ಸಲ ಸ್ಪಷ್ಟವಾಗಿ ಗೊತ್ತಾಯಿತು.

"ನೀವು ಸುಳ್ಳೇನೂ ಹೇಳಿಲ್ಲ. ಬಾವಿಕಟ್ಟೆಯ ಬೇವು ಹೂ ಬಿಡುವವರೆಗೆ ಬಾಗಿಲು ತೆರೆದಿರುತ್ತದೆ," ಎಂದರು ಗುಡ್ಡದವರು. "ಮತ್ತೆ ಬನ್ನಿ."

ಮನೆಗೆ ಬಂದು ಮುಸುಕೆಳೆದುಕೊಂಡು ಮಲಗಿದೆ. ಯಾರನ್ನೂ ಏನನ್ನೂ ಕೇಳುವುದು ನನ್ನ ಜಾಯಮಾನವಲ್ಲ. ಕೇಳುವ ಪ್ರಸಂಗವೂ ಬರಲಿಲ್ಲ. ಮರುದಿನ ಬೆಳಿಗ್ಗೆ ತುಂಗವ್ವ ಕೈಯಲ್ಲಿ ಸೌಟು ಹಿಡಿದುಕೊಂಡೇ ಒಳಗೆ ಬಂದಳು.

"ಏಳವಾ ಮ್ಯಾಲ. ನಾವು ಬರೀತೀವಿ."

"ನೀನು? ನೀ ರಂಗೋಲಿ ಹಾಕಿದ್ರ ದನಾ ಸುದ್ದಾ ಬಳಸಿಕೊಂಡು ಹೋಗ್ತಾವು."

"ಹೋಗಲಿ ಬಿಡು. ಗಂಡ ಬೇಕೋ ರಂಗೋಲಿ ಬೇಕೋ?"

ಅವಳ ಹಿಂದೆ ಅರ್ಧ ಊರೇ ಇತ್ತು. ನಾನು ಬರೆದ ಪಾರ್ತಾ ತೊಟ್ಟು ಗಂಡನನ್ನು ಬಿಡಿಸಿಕೊಂಡು ಬಂದವರೆಲ್ಲ, ಕೆಲವರು ಮೊಮ್ಮಕ್ಕಳನ್ನು ಸೊಂಟಕ್ಕೇರಿಸಿಕೊಂಡು, ನನ್ನ ಅಂಗಳದಲ್ಲಿ ಚಾಪೆ ಹಾಸಿ ಕೂತರು. ಹೊಸ ಮಕಮಲ್ಲು ಬಂತು. ನನ್ನ ಗರಿ, ನನ್ನ ಸುಣ್ಣದ ಬಟ್ಟಲು ಕೈಯಿಂದ ಕೈಗೆ ಹೋದವು. ನಾನು ಮುಟ್ಟುವಂತಿಲ್ಲ. ಎರಡೂ ಕೈಗಳನ್ನು ತೊಡೆಯ ಕೆಳಗಿಟ್ಟುಕೊಂಡು ಕೂತೆ. ಒಬ್ಬಳು ಗುಲಾಬಿ ಬರೆಯುತ್ತ ನಕ್ಕಳು, ಗೆರೆಯೂ ಅವಳ ಜೊತೆ ಕುಲುಕಿತು. ಇನ್ನೊಬ್ಬಳು ನವಿಲುಗಣ್ಣು ಬರೆದಳು, ಅದು ಮೆಳ್ಳಗಣ್ಣಾಯಿತು. ತುಂಗವ್ವ ಟುಲಿಪ್ಪು ಬರೆಯುತ್ತೇನೆಂದು ಕೂತವಳು ಎರಡು ಸಲ ಎದ್ದು ಒಲೆ ನೋಡಿ ಬಂದಳು. ಅವಳು ಬರೆದು ಮುಗಿಸಿದಾಗ ಎಲ್ಲರೂ ಬಗ್ಗಿ ನೋಡಿದರು. ಅದಕ್ಕೆ ತೊಟ್ಟಿತ್ತು, ಹೊಟ್ಟೆಯಿತ್ತು. ಎಣ್ಣೆ ಹಾಕಿದರೆ ಎಣಗಾಯಿ ಮಾಡಬಹುದಿತ್ತು.

"ಬದನೀಕಾಯಿ!" ಎಂದು ಯಾರೋ ಕೂಗಿದ್ದೇ ತಡ, ಎಲ್ಲರೂ ಹೊಟ್ಟೆ ಹಿಡಿದುಕೊಂಡು ಉರುಳಾಡಿದರು. ತುಂಗವ್ವನೇ ಎಲ್ಲರಿಗಿಂತ ಹೆಚ್ಚು ನಕ್ಕಳು. ನನಗೆ ಅಳು ಬಂದಿತ್ತು. ಆದರೂ ನಗುವೇ ಹೊರಗೆ ಬಂತು, ಏನು ಮಾಡಲಿ.

ನಟ್ಟನಡುವಿನ ಜಾಗ ಮಾತ್ರ ಖಾಲಿ ಉಳಿಯಿತು. ಅಲ್ಲಿ ಬರೆಯಲು ಯಾರಿಗೂ ಧೈರ್ಯವಿರಲಿಲ್ಲ. ಆಗ ಬಾಗಿಲಲ್ಲಿ ಹಿಟ್ಟು ಮೆತ್ತಿದ ಕೈ ಒರೆಸಿಕೊಳ್ಳುತ್ತ ಸಾವಂತ್ರೆವ್ವ ನಿಂತಿದ್ದಳು. ಒಳಗೆ ಬಂದಳು, ಎಡಗೈಯಲ್ಲಿ ಗರಿ ತೆಗೆದುಕೊಂಡಳು, ನನ್ನ ಮುಖವನ್ನೂ ನೋಡದೆ ಒಂದೇ ಉಸಿರಿನಲ್ಲಿ ಟುಲಿಪ್ಪು ಬರೆದಳು. ಇಷ್ಟು ವರ್ಷ ಹಿಟ್ಟು ನಾದಿದ ಕೈ ಒಂದಿಷ್ಟೂ ಮರೆತಿರಲಿಲ್ಲ. ಎಲೆಗಳು ಎಡಕ್ಕೇ ತಿರುಗಿದ್ದವು.

"ಎಲಿ," ಎಂದೆ, ತಡೆಯಲಾರದೆ.

"ಹೂಂ ರೀ, ಎಲಿ," ಎಂದಳು. ಒಂದು ಬ್ರೆಡ್ಡು ಇಟ್ಟು ಹೋದಳು. ಸೀದಿರಲಿಲ್ಲ.

ಹೊಲಿಯಲು ಕೂತಾಗ ನನ್ನ ಪಾಡು ಹೇಳಲಾರೆ. ಬರೆದ ಗೆರೆಯ ಮೇಲೆಯೇ ಸೂಜಿ ಹೋಗಬೇಕು. ತಿದ್ದಿದರೆ ಆ ಎಸಳು ನನ್ನದಾಗುತ್ತದೆ, ಅವರಿಗೆ ಕಾಣುವುದಿಲ್ಲ. ಗೊತ್ತಿದ್ದೂ ಆ ಬದನೆಕಾಯಿಯ ಒಂದು ಬದಿಯನ್ನು ಕೊಂಚ ಒಳಗೆ ಎಳೆದೆ. ಆಮೇಲೆ ಕೆಮ್ಮು ನೆನಪಾಗಿ ಬಿಚ್ಚಿದೆ. ಇದ್ದ ಹಾಗೆಯೇ ತುಂಬಿದೆ, ನೇರಳೆ ದಾರದಲ್ಲಿ.

ಬೇವಿನಲ್ಲಿ ಮೊಗ್ಗು ಕಾಣಿಸಿಕೊಂಡ ಬೆಳಿಗ್ಗೆ ಮತ್ತೆ ಗುಡ್ಡ ಹತ್ತಿದೆ. ಗುಡ್ಡದವರು ನನ್ನ ಹಣೆ ನೋಡಿ ಕೂತಲ್ಲಿಂದ ಎದ್ದರು. ಹತ್ತಿರ ಬಂದು ತುಂಗವ್ವನ ಹೂವಿನ ಮೇಲೆ ಬೆರಳಿಟ್ಟರು.

"ಇದೇನು?"

"ಬರದಾಕಿ ತುಂಗವ್ವ ರೀ. ಅಕಿ ಪ್ರಕಾರ ಟುಲಿಪ್ಪು. ಬದನೀಕಾಯಿ ಪಲ್ಯಾ ಒಲೀ ಮ್ಯಾಲಿತ್ತು, ಧ್ಯಾನ ಎಲ್ಲಾ ಅಲ್ಲೇ ಇತ್ತು."

ಬಣ್ಣ ಹಾರಲಿಲ್ಲ. ಗುಡ್ಡದವರ ಮಫ್ಲರು ಅಲುಗಿತು, ಹೆಗಲು ಅಲುಗಿದವು. ಅವರು ನಗುತ್ತಿದ್ದರು. ಭಟ್ಟಿಯ ಗೋಡೆಯಿಂದ ಸುಣ್ಣ ಉದುರಿತು. ಕುಲುಕಿದ ಗುಲಾಬಿಯನ್ನು ಕೇಳಿದರು, ಮೆಳ್ಳಗಣ್ಣನ್ನು ಕೇಳಿದರು. ಬರೆದವಳು ಯಾರು, ಅವಳ ಗಂಡ ಯಾರು, ಈಗ ಹೇಗಿದ್ದಾನೆ ಎಂದೆಲ್ಲ ಕೇಳಿದರು. ಆ ಗಂಡಂದಿರೆಲ್ಲ ಒಂದೊಂದು ರಾತ್ರಿ ಅಲ್ಲಿ ಮಲಗಿ ಹೋದವರೇ ಅಲ್ಲವೇ, ಅವರಿಗೆ ಎಲ್ಲರ ನೆನಪಿತ್ತು. ಕೊನೆಗೆ ಬೆರಳು ನಡುವಿನ ಟುಲಿಪ್ಪಿಗೆ ಬಂತು. ಅಲ್ಲಿ ಅವರು ನಗಲಿಲ್ಲ.

"ಈ ಊರಿನ ಎಲೆಗಳೆಲ್ಲ ಬಲಕ್ಕೆ ತಿರುಗುತ್ತವೆ. ಇದು ಎಡಕ್ಕೆ ತಿರುಗಿದೆ. ಇದು ಸರಿಯೇ?"

ತಪ್ಪು ಎಂದರೆ, ಮದುಮಗಳೇ ಒಪ್ಪದ ಹೂವನ್ನು ಅವರೇಕೆ ಒಪ್ಪುತ್ತಾರೆ? ಸರಿ ಎಂದರೆ ಅದು ಸುಳ್ಳು. ಹುಟ್ಟಿದಂದಿನಿಂದ ನನ್ನ ಮಟ್ಟಿಗೆ ಅದು ಸುಳ್ಳೇ. ಬಣ್ಣ ಹಾರುತ್ತದೆ, ಬಾಗಿಲು ಮುಚ್ಚುತ್ತದೆ. ಈರಸಂಗಪ್ಪನ ಕಡೆ ನೋಡಿದೆ. ಮೈ ಇಳಿದಿತ್ತು. ಅವನು ನನ್ನನ್ನು ನೋಡುತ್ತಿರಲಿಲ್ಲ, ಆ ಎಲೆಯನ್ನೇ ನೋಡುತ್ತಿದ್ದ, ಬಾಯಿ ಅರ್ಧ ತೆರೆದುಕೊಂಡು, ಮಿಠಾಯಿ ಅಂಗಡಿಯ ಮುಂದೆ ನಿಂತವನ ಹಾಗೆ.

"ಸರಿ ಐತ್ರಿ," ಎಂದು ಕಿರೀಟ ತೆಗೆದು ಅವರ ಮುಂದೆ ಹಿಡಿದೆ. ಕಣ್ಣು ಮುಚ್ಚಿದೆ.

ಕಣ್ಣು ಬಿಟ್ಟರೆ ಹಸಿರು ಹಾಗೇ ಇತ್ತು. ಕೆಂಪು ಕೆಂಪಾಗಿಯೇ ಇತ್ತು. ನಾನು ಬಾಗಿ ನೋಡಿದೆ, ಬೆಳಕಿಗೆ ಹಿಡಿದು ನೋಡಿದೆ. ಒಂದು ಎಳೆಯೂ ಮಾಸಿರಲಿಲ್ಲ. ನನಗೇ ಗೊತ್ತಿಲ್ಲದೆ ನಾನು ನಿಜ ಹೇಳಿಬಿಟ್ಟಿದ್ದೆ. ಯಾವಾಗಿನಿಂದ ಅದು ನಿಜವಾಗಿತ್ತೋ ದೇವರೇ ಬಲ್ಲ. ಬಹುಶಃ ನಾಲ್ಕು ಜನರೆದುರು ಆ ಬಟ್ಟೆ ಎತ್ತಿ ಹಿಡಿದ ದಿನವೂ ಅದು ನಿಜವೇ ಆಗಿತ್ತು. ಅಲ್ಲೇ ನೆಲದ ಮೇಲೆ ಕೂತು ಅತ್ತೆ, ಸಂತೋಷಕ್ಕೂ ಸಿಟ್ಟಿಗೂ.

"ನೀಲಗಂಗವ್ವನವರೇ," ಎಂದರು ಗುಡ್ಡದವರು, "ನಿಮ್ಮ ಹೂಗಳು ಬಹಳ ಚೆನ್ನಾಗಿರುತ್ತವೆ. ಆದರೆ ಹುಡುಗಿ ಗುಡ್ಡ ಹತ್ತುವ ಮೊದಲೇ ಯಾವ ಹೂವು ಎಲ್ಲಿದೆ ಎಂದು ನನಗೆ ಗೊತ್ತಾಗಿರುತ್ತದೆ." ಇದೊಂದು ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. "ಇದನ್ನು ಇಲ್ಲೇ ಬಿಟ್ಟು ಹೋಗಿ. ಅವರನ್ನು ಕರೆದುಕೊಂಡು ಹೋಗಿ."

ಯಾರ ಪಾರ್ತಾವನ್ನೂ ಅವರು ಹೀಗೆ ಇಟ್ಟುಕೊಂಡಿರಲಿಲ್ಲ. ನಾವು ಇಳಿಯುವಾಗ ತಿರುಗಿ ನೋಡಿದೆ. ಗುಡ್ಡದವರು ಅದನ್ನು ತಮ್ಮ ತಲೆಗೆ ಏರಿಸಿಕೊಂಡು, ರಿಬ್ಬನ್ನು ಹೆಗಲ ಮೇಲೆ ಸರಿಮಾಡಿಕೊಳ್ಳುತ್ತಿದ್ದರು. ಈರಸಂಗಪ್ಪ ನನ್ನ ಕೈ ಹಿಡಿದು, "ನೋಡಬ್ಯಾಡ, ನಾಚಿಕಿ ಬರತೈತಿ ಅವರಿಗೆ," ಎಂದ.

ಕಿರೀಟವಿಲ್ಲದ ಬೋಳು ಹಣೆಯಲ್ಲಿ ಮದುವೆ ಹೇಗೆಂದು ಹಿರಿಯರು ಮೂಗು ಮುರಿದರು. ಸಾವಂತ್ರೆವ್ವ ಬೇಕರಿಗೆ ಓಡಿಹೋಗಿ, ಹಿಟ್ಟನ್ನು ಜಡೆ ಹೆಣೆದು ಸುಟ್ಟು, ಬಿಸಿ ಆರುವ ಮೊದಲೇ ನನ್ನ ತಲೆಗೆ ತೊಡಿಸಿದಳು. ಅಕ್ಷತೆಯ ಹೊತ್ತಿಗೆ ತುಂಗವ್ವನ ಮೊಮ್ಮಗಳು ನನ್ನ ಎಡಗಿವಿಯ ಮೇಲಿನ ಭಾಗವನ್ನು ತಿಂದು ಮುಗಿಸಿದ್ದಳು.

ಈಗ ಸಾವಂತ್ರೆವ್ವ ಬೇಕರಿಗೆ ಮಧ್ಯಾಹ್ನ ಬಾಗಿಲು ಹಾಕಿ ನನ್ನ ಎಡಕ್ಕೆ ಬಂದು ಕೂರುತ್ತಾಳೆ. ನಡುವೆ ಒಂದೇ ಬಟ್ಟೆ. ಅವಳ ಎಲೆ ಆ ಕಡೆಯಿಂದ, ನನ್ನ ಎಲೆ ಈ ಕಡೆಯಿಂದ. ಜಗಳ ದಿನಾ ಇದೆ. ಆದರೆ ಈ ಮಾಗಿಯಲ್ಲಿ ಬಂದ ಮದುವಣಗಿತ್ತಿಯರೆಲ್ಲ ಕೇಳುವುದು ಒಂದೇ, ಗುಡ್ಡದವರಿಗೆ ಸೇರುವ ಆ ಬದನೆಕಾಯಿ ಟುಲಿಪ್ಪು. ತುಂಗವ್ವನಿಗೆ ಹೇಳಿ ಕಳಿಸಿದರೆ, ಹಿಗ್ಗಿ ಹೀರೇಕಾಯಿಯಾಗಿರುವ ಅವಳು ಅಡುಗೆ ಮುಗಿದ ಮೇಲೆ ಬರುತ್ತೇನೆ ಎನ್ನುತ್ತಾಳೆ. ಅವಳನ್ನು ಕಾಯಲಾರದೆ ನಾನೇ ಹಳೆಯ ಗೋಣಿಯ ಮೇಲೆ ಗರಿ ಹಿಡಿದು ಕೂರುತ್ತೇನೆ. ತೊಟ್ಟು ಸೊಟ್ಟ ಮಾಡುತ್ತೇನೆ, ಹೊಟ್ಟೆ ಉಬ್ಬಿಸುತ್ತೇನೆ, ಒಮ್ಮೆ ಎದ್ದು ಒಲೆಯನ್ನೂ ನೋಡಿ ಬರುತ್ತೇನೆ. ಈರಸಂಗಪ್ಪ ಸಾಣೆಗಾಲಿಯನ್ನು ನ್ಯಾಯವಾಗಿ ಮೊಂಡಾದ ನಮ್ಮ ಕತ್ತರಿಗೆ ತುಳಿಯುತ್ತ ಅಲ್ಲಿಂದಲೇ ಕೇಳುತ್ತಾನೆ.

"ಬದನೀಕಾಯಿ ಹೋಗಿ ಮತ್ತ ಟುಲಿಪ್ಪ ಆತೇನು?"

"ಆತು," ಎನ್ನುತ್ತೇನೆ.